ಆರಿಸುವುದು

ಮಗು ಮಲಗಿದ ಮೇಲೆ ನನ್ನ ಪಾಳಿ ಶುರು.
ತಟ್ಟೆ ತುಂಬ ಕೆಂಪು ಬೀನ್ಸ್ ಕಾಳು, ನಾಳೆಯ ಲೋಬಿಯೊಗೆ.
ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಟ್ಯಾಬ್ಲೆಟ್ಟು.
ಕಿಟಕಿಯಾಚೆ ಕುತಾಯಿಸಿಯ ಚಳಿ, ಕೆಳಗೆಲ್ಲೋ ರಿಯೋನಿ ನದಿಯ ಗೊಣಗು.
ಒಂದು ಕಣ್ಣು ಕಾಳಿಗೆ,
ಒಂದು ಕಣ್ಣು ಪರದೆಗೆ.

ಮೂವತ್ತೊಂದು ವರ್ಷ ರೀಲು ಓಡಿಸಿದವಳು ನಾನು,
ಸೇತುವೆ ಪಕ್ಕದ ಟಾಕೀಸಿನ ಗುಗುಲಿ.
ಊರು ನೋಡುವ ಮುಂಚೆ ನೋಡುವುದು ನನ್ನ ಕೆಲಸವಾಗಿತ್ತು,
ಖಾಲಿ ಕುರ್ಚಿಗಳ ಬೆನ್ನ ಹಿಂದೆ ನಿಂತು:
ಎಲ್ಲಿ ಹರಿದಿದೆ, ಎಲ್ಲಿ ಗೀರು ಬಿದ್ದಿದೆ,
ಹಿಂದಿನ ಊರಿನ ಯಾವ ರಸಿಕ
ಮುತ್ತಿಡುವ ಗಳಿಗೆಯನ್ನಷ್ಟೇ ಕತ್ತರಿಸಿ ಜೇಬಿಗಿಳಿಸಿದ್ದಾನೆ.
ಈಗ ನನಗೆ ಒಬ್ಬಳೇ ಪ್ರೇಕ್ಷಕಿ.
ತೆಕ್ಲೆ. ಮೂರೂವರೆ ವರ್ಷ.
ಟಿಕೆಟ್ಟಿಲ್ಲ, ಆದರೂ ಜಗಳಗಂಟಿ.

"ಮಕ್ಕಳಿಗಾಗಿ ಅಂತ ಬರೆದಿದೆಯಲ್ಲಮ್ಮಾ,
ಇನ್ನೇನು ನೋಡುವುದು?" ಅನ್ನುತ್ತಾಳೆ ಏತೇರಿ,
ಬೇಕರಿಯ ಹಿಟ್ಟು ಇನ್ನೂ ಹುಬ್ಬಿನಲ್ಲಿ.
ಬರೆದಿದ್ದರೇನು ಮಗಳೇ,
ಸಂತೆಯಲ್ಲಿ ಎಲ್ಲರ ಚೀಸೂ ಇವತ್ತಿನದೇ.

ಮೊಟ್ಟೆ ಒಡೆಯಿತು, ಒಳಗೆ ಮೊಟ್ಟೆ,
ಅದೂ ಒಡೆಯಿತು, ಒಳಗೆ ಪ್ಲಾಸ್ಟಿಕ್ ಬಾತು,
ಬಾತಿನ ಹೊಟ್ಟೆಯಲ್ಲಿ ಮತ್ತೆ ಮೊಟ್ಟೆ.
ಹನ್ನೊಂದು ನಿಮಿಷ ಕಾದೆ, ಮರಿಯೇ ಹುಟ್ಟಲಿಲ್ಲ.
ಬುದ್ಧಿ ಹೇಳುವ ಮೊಲವೊಂದು ಬಂತು:
ಸುಳ್ಳು ಹೇಳಬಾರದು, ಹಲ್ಲುಜ್ಜಬೇಕು, ಸುಳ್ಳು ಹೇಳಬಾರದು.
ಅದಕ್ಕೆ ಬಾಯಿ ನೋಯಲಿಲ್ಲ, ನನಗೆ ಕಿವಿ ನೋಯಿತು.
ಇನ್ನೊಂದರಲ್ಲಿ ನಾನೊಮ್ಮೆ ರೆಪ್ಪೆ ಬಡಿಯುವುದರೊಳಗೆ
ಮೂರು ಚಿತ್ರ ಬದಲಾದವು.
ಅಷ್ಟು ಚೂರುಗಳನ್ನು ಅಂಟಿಸಿದವನಿಗೆ
ಗೋಂದಿನ ಬೆಲೆ ಗೊತ್ತಿಲ್ಲ.

ದನಿ ಮುಚ್ಚಿ ನೋಡುತ್ತೇನೆ, ಅದೊಂದು ಹಳೆಯ ಪರೀಕ್ಷೆ.
ಹೆಚ್ಚಿನವು ಅಲ್ಲೇ ಕುಸಿಯುತ್ತವೆ,
ಡೋಲು ನಿಂತ ಮದುವೆಮನೆಯಂತೆ.

ಹಾಗಂತ ನಾನೇನು ಹೂವಿನಂಥವಳಲ್ಲ.
ಕಳೆದ ಗುರುವಾರ ಮಂಡಿ ಊದಿತ್ತು,
ಏತೇರಿಗೆ ಎರಡು ಪಾಳಿ, ತೆಕ್ಲೆಯ ಅಳು ಮೂರನೇ ಮಹಡಿ ದಾಟಿತ್ತು.
ಕೊಟ್ಟೆ.
ಆ ಮೊಟ್ಟೆಯನ್ನೇ ಕೊಟ್ಟೆ.
ಇಪ್ಪತ್ತು ನಿಮಿಷ ಮನೆಯಲ್ಲಿ ಮಗುವೇ ಇರಲಿಲ್ಲ.
ಟೀ ಬಿಸಿಯಾಗಿತ್ತು, ಸುಳ್ಳೇಕೆ, ಚೆನ್ನಾಗಿತ್ತು.
ಆಮೇಲೆ ನಿಲ್ಲಿಸಿದಾಗ ಚಮಚ ಹಾರಿ ಗೋಡೆಗೆ ಬಡಿಯಿತು.

ಇವತ್ತು ಹನ್ನೆರಡು ದಾಟಿದ ಮೇಲೆ ಸಿಕ್ಕಿತು.
ಯಾರದೋ ಎರಡು ಕೈ, ಮುಖವಿಲ್ಲ, ಮಾತಿಲ್ಲ.
ಬೆತ್ತ ಸೀಳಿ ಬುಟ್ಟಿ ಹೆಣೆಯುವ ಕೈ.
ಒಂದು ಎಳೆ ತಪ್ಪಿತು.
ಕೈ ತಡೆಯಿತು, ಯೋಚಿಸಿತು,
ನಾಲ್ಕು ಸುತ್ತು ಬಿಚ್ಚಿ ಮತ್ತೆ ಹಿಡಿಯಿತು.
ಆ ತಪ್ಪನ್ನು ಕತ್ತರಿಸದೆ ಬಿಟ್ಟ ಪುಣ್ಯಾತ್ಮ ಯಾರೋ.
ನೋಡುತ್ತ ಕೂತವಳು
ಹೆಕ್ಕಿಟ್ಟ ಕಲ್ಲನ್ನೇ ಒಳ್ಳೆಯ ಕಾಳಿನ ಪಾತ್ರೆಗೆ ಸುರಿದಿದ್ದೆ.
ಮತ್ತೆ ಮೊದಲಿಂದ.

ಬೆಳಿಗ್ಗೆ ಇಬ್ಬರೂ ಒಂದೇ ಶಾಲು ಹೊದ್ದು ಕೂತೆವು.
ತೆಕ್ಲೆ ಮೂಗಿನಲ್ಲಿ ಉಸಿರಾಡುತ್ತ ನೋಡಿದಳು.
ಎಳೆ ತಪ್ಪಿದಾಗ "ಅಯ್ಯೋ" ಅಂದಳು, ಮೆಲ್ಲಗೆ,
ಯಾರಿಗೋ ಕೇಳಿಸೀತು ಅನ್ನುವ ಹಾಗೆ.
ನಾಲ್ಕನೇ ನಿಮಿಷಕ್ಕೆ ನನ್ನ ಕಡೆ ತಿರುಗಿ:
"ಬೆಬಿಯಾ, ನಿನ್ನ ಕೈ ಯಾಕೆ ಸುಮ್ಮನೆ ಕೂತಿದೆ?"

ಉತ್ತರಕ್ಕೆ ಕಾಯುವ ಜಾತಿಯಲ್ಲ ಅದು.
ಶಾಲಿನಿಂದ ಜಾರಿ ಅಡುಗೆಮನೆಗೆ ನಡೆದು,
ನನ್ನ ಒಂದೇ ಒಂದು ಒಳ್ಳೆಯ ಬುಟ್ಟಿಯ ಹಿಡಿಕೆಯನ್ನು
ನಾಲ್ಕು ಸುತ್ತು ಬಿಚ್ಚಿ ಕೂತಿದ್ದಳು.

ಇಲ್ಲಿ ಪರದೆಯ ಮೇಲೆ ಆ ಕೈಗಳು ಹೆಣೆಯುತ್ತಲೇ ಇದ್ದವು
ಖಾಲಿ ಕುರ್ಚಿಗೆ,
ನಮ್ಮ ಸೋಮವಾರದ ಮ್ಯಾಟಿನಿಯಂತೆ.
ನೋಡುವವರು ಎದ್ದುಹೋದರೂ
ರೀಲನ್ನು ನಡುವೆ ನಿಲ್ಲಿಸಬಾರದು, ನಮ್ಮವರ ನೇಮ.
ಅಂಚು ಮಡಿಸಿ, ಕೊನೆಯ ಎಳೆ ಒಳಗೆ ಸೇರುವವರೆಗೂ ಬಿಟ್ಟು
ಆಮೇಲೆ ಆರಿಸಿದೆ.