ಹದಿನೇಳನೆಯ ಲೋಟ

ಡುಲುತ್‌ನಲ್ಲಿ ಮೂರು ದಿನ. ದಿನಕ್ಕಿಷ್ಟೆಂದು ನನ್ನ ದರ.
ಚಟ ಬಿಡಿಸುವ ಮನೆಯ ಲೈಸೆನ್ಸು
ಮಾರ್ಚಿಗೆ ಮುಗಿಯುತ್ತದೆ, ಅಷ್ಟರೊಳಗೆ ಕಡತ ನೆಟ್ಟಗಾಗಬೇಕು.

ಹೊರಗಿನವಳ ಕಣ್ಣಿಗೆ ಬೇಗ ಬೀಳುತ್ತವೆ:
ಸಹಿಯಿಲ್ಲದ ಹಾಳೆ, ಔಷಧಿ ಕೋಣೆಯ ನಿಂತ ಗಡಿಯಾರ,
‘ಇಂದು ಪರವಾಗಿಲ್ಲ’ ಎಂದು ಒಂಬತ್ತು ದಿನ
ಒಂದೇ ಶಾಯಿ, ಒಂದೇ ಓಟ.
ಒಂದೇ ಸಲ ಕೂತು ಗೀಚಿದ್ದು. ಗೊತ್ತಾಗುತ್ತದೆ.
ನಾನೂ ಗೀಚಿದ್ದೆ, ರಾತ್ರಿ ಪಾಳಿಯ ಕಾಲದಲ್ಲಿ.

ಹಾಸಿಗೆ ಹದಿನಾರು.
ಅಡುಗೆಮನೆಯ ಹಲಗೆಯ ಮೇಲೆ ಲೋಟ ಹದಿನೇಳು,
ಒಂದೊಂದಕ್ಕೂ ಅಂಟಿಸಿದ ಹೆಸರು.
ಹೆಚ್ಚಿನದು ಯಾರದು?
ಈರುಳ್ಳಿಯಿಂದ ಕಣ್ಣೆತ್ತದೆ ಐರ್ಮಾ ಅಂದಳು:
“ವೇಡ್‌ದು. ಅಕ್ಟೋಬರಲ್ಲಿ ಹೋದ. ಫೋನೂ ಇಲ್ಲ.
ದಿನಾ ತೊಳೀತೀನಿ.
ಬಂದವನ ಲೋಟದಲ್ಲಿ ಧೂಳಿದ್ರೆ
ಬಾಗಿಲಿಂದಲೇ ತಿರುಗಿಬಿಡ್ತಾನೆ.”

ಕಡತದಲ್ಲಿ ಅವನು ಮುಗಿದಿದ್ದಾನೆ.
‘ಸಲಹೆ ಮೀರಿ ನಿರ್ಗಮನ’,
ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ.
ಇಡೀ ಕಪಾಟಿನಲ್ಲಿ ನಾನು ತಪ್ಪು ಹುಡುಕಲಾರದ
ಒಂದೇ ಪುಟ.

ಕೊನೆಯ ರಾತ್ರಿ ಹೋಟೆಲಿನಲ್ಲಿ ವರದಿ. ಸಲಹೆ ನಲವತ್ತೊಂದು.
ಕಿಟಕಿಯಾಚೆ ಅದಿರಿನ ಹಡಗೊಂದು
ಸೇತುವೆ ಎತ್ತಿರೆಂದು ಕೂಗಿತು;
ಸೇತುವೆಯೂ ಓಗೊಟ್ಟಿತು, ಅಷ್ಟೇ ಉದ್ದಕ್ಕೆ.

ಲೋಟ ಯಾವ ತಲೆಬರಹದಡಿ? ಶುಚಿತ್ವವೆ? ದಾಸ್ತಾನೆ?
‘ಹೆಚ್ಚುವರಿ: ಒಂದು’ ಎಂದು ಬರೆದೆ,
ಅಳಿಸಿದೆ, ಮತ್ತೆ ಬರೆದೆ.
ಹಾಸಿಗೆ ಹದಿನಾರು ಎಂಬಲ್ಲಿಗೆ ನಿಲ್ಲಿಸಿದೆ ಕಡೆಗೆ.

ಆ ಅರ್ಧ ಗಂಟೆಗೆ
ಬಿಲ್ಲು ಹಾಕಲಿಲ್ಲ.