ಹದಿನೇಳನೆಯ ಪುಟದಂಚು

ಮಂಗಳವಾರ ಹತ್ತೂಮುಕ್ಕಾಲಿಗೆ ಪುಸ್ತಕದ ವ್ಯಾನು ನಿಲ್ಲಿಸುತ್ತೇನೆ.
ಯಾರ್ಕ್‌ಷೈರಿನ ಮೂಡಣ ದಂಡೆ, ರಸ್ತೆ ಮುಗಿಯುವ ಜಾಗ.
ಹೋದ ವರ್ಷ ಅದು ಇನ್ನೂ ಸ್ವಲ್ಪ ಮುಂದೆ ಮುಗಿಯುತ್ತಿತ್ತು.
ಜೇಡಿಯ ದಿಬ್ಬ, ಕೆಳಗೆ ಚಹದ ಬಣ್ಣದ ಕಡಲು
ಚಳಿಗಾಲಕ್ಕೆ ಎರಡು ಗಜದಂತೆ ನೆಲ ತಿನ್ನುತ್ತದೆ.
ಯಾರೂ ಅದನ್ನು ವಿಚಾರಣೆಗೆ ಕರೆದಿಲ್ಲ.

ಮೂರನೆಯ ಕಪಾಟಿನಲ್ಲಿ ಆ ಕೊಲೆಯ ಕಾದಂಬರಿ,
ಬೆನ್ನಿಗೆ ನಾನೇ ಎರಡು ಸಲ ಬಟ್ಟೆಪಟ್ಟಿ ಅಂಟಿಸಿದ್ದೇನೆ.
ಒಳಗೆ ಹಿಮ ಮುಚ್ಚಿದ ಮನೆ, ಮೂಕ ಟೆಲಿಫೋನು,
ಅರ್ಧ ಕುಡಿದ ಕೋಕೋ ಬಟ್ಟಲ ಪಕ್ಕ ಸತ್ತ ಯಜಮಾನ,
ಬೆಂಕಿಗೂಡಿನ ಮುಂದೆ ಒದ್ದೆ ಕಾಲುಚೀಲ, ಒಂದೇ ಒಂದು;
ಕುಂಬಳಕಾಯಿ ಕಳ್ಳ ಎಂದದ್ದೇ ತಡ
ಹೆಗಲು ಮುಟ್ಟಿ ನೋಡಿಕೊಳ್ಳುವ ಒಂಬತ್ತು ಮಂದಿ.

ಹದಿನೇಳನೆಯ ಪುಟದಂಚಿನಲ್ಲಿ ಯಾವನೋ ಪುಣ್ಯಾತ್ಮ
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ: "ತೋಟದ ಮಾಲಿಯೇ ಕೊಂದದ್ದು."
ಕೆಳಗೆ ಎರಡು ಗೆರೆ, ಕಾಗದ ಹರಿಯುವಷ್ಟು ಒತ್ತಿ.
ಅದನ್ನು ನೋಡಿಯೇ ನಾನು ಮುಂದೆ ಓದಲಿಲ್ಲ.
ಗುಟ್ಟು ರಟ್ಟಾದ ಮೇಲೆ ಏನಿದೆ ಓದಲು?

ಆದರೂ ಚೀಟಿಯ ತುಂಬ ನೇರಳೆ ಮುದ್ರೆ.
ಚೀಟಿ ತುಂಬಿದರೆ ಅದರ ಮೇಲೊಂದು ಚೀಟಿ, ಹೀಗೆ ಆರು,
ಕೊನೆಯ ರಟ್ಟು ಬಸುರಿಯ ಹಾಗೆ ಉಬ್ಬಿದೆ.

ಕೇಳಿದೆ ಒಮ್ಮೆ, ನಿವೃತ್ತ ಪೊಲೀಸ್ ಕತ್‌ಬರ್ಟ್ ಮೆಡ್‌ಫೋರ್ತ್‌ನನ್ನು.
"ಮೂವತ್ತನಾಲ್ಕು ವರ್ಷ ಕೆಲಸ ಮಾಡಿದೆ ಕಣಯ್ಯಾ,
ಬಹಳವೆಂದರೆ ಕದ್ದ ಸೈಕಲ್ಲು, ಮುರಿದ ಬೇಲಿ.
ಒಂದು ದಿನವಾದರೂ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು
ನಾನು ಹೇಳುವುದನ್ನು ಕೊನೆತನಕ ಕೇಳಿದ್ದುಂಟೇ?"

ಹಂದಿ ಸಾಕುವವರ ಮಗಳು ಡೋರ್ಕಸ್, ಹದಿನಾಲ್ಕರ ಹುಡುಗಿ,
ನಾಲ್ಕನೆಯ ಸಲ ಒಯ್ಯುವಾಗ ಅಂದಳು:
"ಮೊದಲ ಸಲ ಯಾರು ಅಂತ ಓದುವುದು.
ಆಮೇಲೆ, ಕೊಂದ ಕೈ ಸಕ್ಕರೆ ಬಟ್ಟಲನ್ನು
ಪಕ್ಕದವರಿಗೆ ಹೇಗೆ ದಾಟಿಸುತ್ತದೆ ಅಂತ ನೋಡುವುದು.
ಎಷ್ಟು ಚೆಂದ ದಾಟಿಸುತ್ತದೆ ಗೊತ್ತಾ!"

ಮತ್ತೆ, ಪ್ರತಿ ನವೆಂಬರು, ವಿನಿಫ್ರೆಡ್ ಬ್ಲೆಂಕಿನ್.
ಅವಳನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.
ಅವಳ ಆರ್ಥರ್ ಹತ್ತಿದ ಟ್ರಾಲರು ಹಲ್ ಬಂದರು ಬಿಟ್ಟು
ಐಸ್‌ಲ್ಯಾಂಡಿನಾಚೆ ಹೋದದ್ದು ಹೋಯಿತು, ಹತ್ತೊಂಬತ್ತು ಜನ.
ಒಂದು ಹಲಗೆ ಸಿಗಲಿಲ್ಲ, ಒಂದು ಬೂಟು ಸಿಗಲಿಲ್ಲ.
ವಿಚಾರಣೆ ಎರಡೇ ದಿನ: "ಕಾರಣ ತಿಳಿದುಬಂದಿಲ್ಲ."
ತಿಳಿಯದ್ದನ್ನು ಹೆಂಡದಂಗಡಿಗಳು ತಿಳಿದುಕೊಂಡವು:
ಆ ರಾತ್ರಿ ಚುಕ್ಕಾಣಿ ಹಿಡಿದವ ಬ್ಲೆಂಕಿನ್ ಅಲ್ಲವೇ,
ಕುಡಿದಿದ್ದನೋ, ತೂಕಡಿಸಿದನೋ.
ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು?
ಅವನನ್ನು ಕೋಣೆಗೆ ಕರೆದು ಕೂರಿಸಿ
"ಇಲ್ಲ, ಇವನಲ್ಲ" ಎನ್ನುವ ಅಧ್ಯಾಯ ಯಾರೂ ಬರೆಯಲಿಲ್ಲ.

ಈ ನವೆಂಬರು ಪುಸ್ತಕ ಮರಳಿಸುತ್ತ ಹೇಳಿದಳು:
"ತಪ್ಪು ತಿಳಿಯಬೇಡ, ಸರಕಾರಿ ಪುಸ್ತಕಕ್ಕೆ ರಬ್ಬರು ಹಚ್ಚಿದ್ದೇನೆ.
ಆ ಮಾಲಿ ಕೊಂದಿಲ್ಲ. ಬರೆದವನು ಅರ್ಧಕ್ಕೇ ಬಿಟ್ಟಿರಬೇಕು.
ಮೂವತ್ತು ವರ್ಷ, ಪಾಪ, ಅಂಚಿನಲ್ಲೇ ನಿಂತಿದ್ದ."

ವ್ಯಾನಿನ ದೀಪ ಹಚ್ಚಿ ಆ ರಾತ್ರಿ ಓದಿದೆ,
ಒದ್ದೆ ಕಾಲುಚೀಲದಿಂದ ಕಟ್ಟಕಡೆಯ ಕೋಣೆಯವರೆಗೆ.
ನಿಜ. ಅವನಲ್ಲ.
ಯಾರೆಂದು ನಾನು ಹೇಳುವುದಿಲ್ಲ.

ಹೊರಗೆ ಎಲ್ಲೋ ದಿಬ್ಬದ ಒಂದು ತುಂಡು ದೊಪ್ಪನೆ ಬಿತ್ತು.
ಪುಟ ಓರೆ ಹಿಡಿದರೆ ಅಕ್ಷರದ ಗೀರು ಇನ್ನೂ ಕಾಣುತ್ತದೆ,
ಹೊಲಿಗೆಯ ಸಂದಿಯಲ್ಲಿ ರಬ್ಬರಿನ ಪುಡಿ.
ಊದಲಿಲ್ಲ ನಾನು.
ಮುಚ್ಚಿ, ಮೂರನೆಯ ಕಪಾಟಿನಲ್ಲಿಟ್ಟೆ.