ಹಗೇವಿನಾಗ

ಸಾತಗೊಂಡ ಕಾಕಾನ ಹಗೇವಿನಾಗ ಈಗ ಜ್ವಾಳಿಲ್ಲ.
ಹದಿನೇಳು ಬಾಟಲಿ ಅಡ್ಡಡ್ಡ ಮಲಗ್ಯಾವ,
ಎಲ್ಲಾ ಬಿಳೀ ವೈನು, ಒಂದೇ ತೋಟದ್ದು.

ಪಲೂಸಿನಾಚೆ ಆ ತೋಟದವರು
ರೊಕ್ಕ ನೋಡಿ ಕೊಡೂದಿಲ್ಲ, ಪಾಳಿ ನೋಡಿ ಕೊಡತಾರ.
ನಾಕು ವರ್ಷ ಕಾದ ಮ್ಯಾಲೆ ಯಾದಿಯಾಗ ಹೆಸರು ಬಂತು:
'ಸತಗೌಡಾ, ಉಮದಿ.' ಕಾರಕೂನ ತಪ್ಪೇ ಬರದಿದ್ದ.
ವರ್ಷಕ್ಕ ಎರಡು. ಆಣಿಕಲ್ಲು ಬಿದ್ದ ವರ್ಷ ಒಂದ.

ಆ ಒಂದನ್ನ ಬಸ್ಸಿನ್ಯಾಗ
ಪಟಕಾ ಸುತ್ತಿ, ತೊಡೀ ಮ್ಯಾಲಿಟ್ಟು ತಂದ;
ಬಾಜೂಕಿನಾಕಿ ಕೂಸಂತ ತಿಳದು ಸರದು ಕುಂತಳು.

ಕುಡಿಯೂದು ಯಾವಾಗ ಕಾಕಾ, ಅಂದರ
ಹಗ್ಗಕ್ಕ ಕಂದೀಲು ಕಟ್ಟಿ ಇಳಿಸತಾನ.
ಕೆಳಗಿನ ಗಾಳಿ ಕೆಟ್ಟಿದ್ದರ ದೀಪ ಆರತೈತಿ.
ಇವತ್ತ ಆರಲಿಲ್ಲ.
ಗಾಜಿನ್ಯಾಗ ತಿಳಿಹಳದಿ ಎದ್ದು ಕುಂತಿತು,
ಹಿಂಗಾರಿ ಬಿಸಿಲಿನಂಗ.
"ನೋಡಿದ್ಯಿಲ್ಲೋ," ಅಂದ.
ಹಗ್ಗ ಮ್ಯಾಲೆಳದ.